ಹೊಂದಿಕೊಳ್ಳುವ ಧರ್ಮ

೨೦೨೪ರ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಒಂದು ರಾತ್ರಿ ನಮ್ಮ ಮನೆಯ ದೋಸೆಹಿಟ್ಟು ಪಾತ್ರೆಯ ಮುಚ್ಚಳವನ್ನು ಎತ್ತಿಹಾಕಿ, ಅಡಿಗೆಮನೆಯ ಕಟ್ಟೆಯ ಮೇಲೆ ಹರಿದು, ಅಲ್ಲಿಂದ ನೆಲಕ್ಕಿಳಿದು, ಬೆಳಿಗ್ಗೆ ಎದ್ದುಬಂದ ನನ್ನ ಪಾದಕ್ಕೆ ಅಂಟಿಕೊಂಡಿತು. ಇಂಥ ಅಲ್ಪ ಸಂಗತಿಯನ್ನು ಹಿಡಿದುಕೊಂಡು ಜಗಳಕ್ಕೆ ನಿಲ್ಲುವುದು ವಯಸ್ಸಾದವನಿಗೆ ಶೋಭಿಸುವ ಕೆಲಸವಲ್ಲವೆಂದು ಕೆಲವರು ಹೇಳಿಯಾರು. ಹೇಳಲಿ. ನಾನು ಜಗಳವಾಡಬೇಕೆಂದಿರುವುದೆಲ್ಲ ಆ ಹಿಟ್ಟಿನಲ್ಲಿಯೇ ಇದೆ.

ನಿವೃತ್ತನಾದವನಿಗೆ ಒಂದು ಹವ್ಯಾಸ ಇರಬೇಕೆಂದು ಎಲ್ಲರೂ ಉಪದೇಶ ಮಾಡುತ್ತಾರೆ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ. ಕೆಲವರು ತಾರಸಿಯ ಮೇಲೆ ಗುಲಾಬಿ ಬೆಳೆಯುತ್ತಾರೆ. ಇನ್ನು ಕೆಲವರು ಪತ್ರಿಕೆಗಳ ಸಂಪಾದಕರಿಗೆ ಕಾಗದ ಬರೆಯುತ್ತಾರೆ. ನಾನು ಹಿಟ್ಟು ರುಬ್ಬುತ್ತೇನೆ. ನನ್ನ ಹೆಂಡತಿಯ ಮಂಡಿನೋವಿನ ದೆಸೆಯಿಂದ ನನ್ನ ಪಾಲಿಗೆ ಬಂದ ಈ ಕೆಲಸ ಬರಬರುತ್ತ ಖಯಾಲಿಯಾಯಿತು. ಉದ್ದಿನಬೇಳೆ ಎಷ್ಟು ಹೊತ್ತು ನೆನೆಯಬೇಕು, ಮೆಂತ್ಯ ಎಷ್ಟು ಬೀಳಬೇಕು, ಉಪ್ಪನ್ನು ರಾತ್ರಿಯೇ ಹಾಕಬೇಕೋ ಬೆಳಿಗ್ಗೆ ಹಾಕಬೇಕೋ ಎಂಬ ವಿಷಯಗಳಲ್ಲಿ ಈಗ ನನಗೆ ಖಚಿತವಾದ ಅಭಿಪ್ರಾಯಗಳುಂಟು. ಮೂವತ್ತು ವರ್ಷ ಕಡತಗಳ ನಡುವೆ ಬಾಳಿದವನಾದ್ದರಿಂದ ಒಂದು ನೋಟ್‌ಬುಕ್ಕನ್ನೂ ಇಟ್ಟಿದ್ದೇನೆ: ರುಬ್ಬಿದ ಹೊತ್ತು, ಹಿಟ್ಟು ಎರಡರಷ್ಟಾದ ಹೊತ್ತು, ಗೋಡೆಯ ಉಷ್ಣಮಾಪಕ ತೋರಿಸಿದ ಅಂಕಿ. ಈ ಪುಸ್ತಕವನ್ನು ನೋಡಿ ನಗದ ನೆಂಟರಿಲ್ಲ.

ನಗುವವರು ನಗಲಿ, ಪುಸ್ತಕ ಹೇಳುವುದು ಇದು. ೨೦೧೨ರಲ್ಲಿ ನಾನು ಶುರುಮಾಡಿದಾಗ ಡಿಸೆಂಬರಿನ ಹಿಟ್ಟಿಗೆ ಹದಿನಾಲ್ಕು ಗಂಟೆ ಬೇಕಾಗುತ್ತಿತ್ತು, ಬೇಸಗೆಯ ಹಿಟ್ಟಿಗೆ ಎಂಟು. ೨೦೨೪ರ ಏಪ್ರಿಲಿನಲ್ಲಿ ಐದು ಗಂಟೆ ಸಾಕಾಯಿತು. ರಾತ್ರಿ ಹತ್ತಕ್ಕೆ ಅಡಿಗೆಮನೆಯಲ್ಲಿ ೩೩ ಡಿಗ್ರಿ. ಹಿಟ್ಟೆಂಬುದು ಜೀವವಿರುವ ವಸ್ತು, ಸ್ವಾಮಿ. ಅದರಲ್ಲಿ ಮೊದಲು ಕೆಲಸಕ್ಕೆ ಹತ್ತುವ ಒಂದು ಜಾತಿಯ ಸೂಕ್ಷ್ಮಜೀವಿಗಳು ಅನಿಲ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತವೆ; ಅವುಗಳ ಬೆನ್ನಿಗೇ ಬರುವ ಮತ್ತೊಂದು ಜಾತಿ ಹುಳಿಯನ್ನು ತುಂಬುತ್ತದೆ. ತಂಪಿನಲ್ಲಿ ಇವೆರಡರ ನಡುವೆ ಒಂದು ಮರ್ಯಾದೆಯ ಅಂತರವಿರುತ್ತದೆ. ಆ ಅಂತರವೇ ಒಳ್ಳೆಯ ದೋಸೆ. ಸೆಕೆಯಲ್ಲಿ ಅಂತರವಿಲ್ಲ, ಮರ್ಯಾದೆಯೂ ಇಲ್ಲ.

ನನ್ನ ಪುಸ್ತಕ ವಿಜ್ಞಾನವಲ್ಲ ಎಂದು ನನಗೆ ಗೊತ್ತು. ಬೇಳೆ ಬದಲಾಗುತ್ತದೆ, ಗ್ರೈಂಡರು ಬಿಸಿಯಾಗುತ್ತದೆ, ಎದುರಿಗೆ ಐದಂತಸ್ತಿನ ಕಟ್ಟಡವೆದ್ದು ಗಾಳಿ ನಿಲ್ಲುತ್ತದೆ. ಆದರೆ ವಿಜ್ಞಾನಕ್ಕೂ ನನ್ನ ಹಿಟ್ಟಿಗೂ ಆ ತಿಂಗಳು ಭಿನ್ನಾಭಿಪ್ರಾಯವಿರಲಿಲ್ಲ. ಆ ಏಪ್ರಿಲ್ ಪೂರ್ತಿ ಬೆಂಗಳೂರು ನಗರದ ಹವಾಮಾನ ಕೇಂದ್ರದಲ್ಲಿ ಮಳೆಯೆಂಬುದೇ ದಾಖಲಾಗಲಿಲ್ಲ. ೨೮ನೆಯ ತಾರೀಖು ಉಷ್ಣತೆ ೩೮.೫ ಡಿಗ್ರಿ ಮುಟ್ಟಿತು. ಅದಕ್ಕಿಂತ ಹೆಚ್ಚಾಗಿದ್ದದ್ದು ೨೦೧೬ರ ಏಪ್ರಿಲಿನಲ್ಲಿ, ೩೯.೨. ಫ್ಯಾನು ಬೇಡದ ಊರೆಂದು ನಮ್ಮ ಹಿರಿಯರು ಮೈಸೂರು, ಮದರಾಸಿನ ಬೀಗರ ಮುಂದೆ ಜಂಬ ಕೊಚ್ಚಿಕೊಂಡ ಊರು ಇದು. ಇಡೀ ಭೂಮಿಯ ಲೆಕ್ಕದಲ್ಲಿಯೂ ೨೦೨೪ನೆಯ ವರ್ಷ, ಕೈಗಾರಿಕೆಗಳು ಹಬ್ಬುವುದಕ್ಕೆ ಮೊದಲಿನ ಕಾಲಕ್ಕಿಂತ ಒಂದೂವರೆ ಡಿಗ್ರಿ ಮೀರಿ ಬಿಸಿಯಾದ ಮೊದಲನೆಯ ವರ್ಷ.

ಹಿಟ್ಟು ಚೆಲ್ಲಿದ ದಿನ ಬೆಳಗಿನ ವಾಯುವಿಹಾರದಲ್ಲಿ ಈ ಮಾತನ್ನು ಎತ್ತಿದೆ. ಜೊತೆಯಲ್ಲಿ ನಡೆಯುತ್ತಿದ್ದ ಎಂಜಿನಿಯರ್ ಮಿತ್ರರು, ಸಜ್ಜನರು, ನಿಂತು, ಬೆವರೊರಸಿಕೊಂಡು, ನನ್ನ ಭುಜ ತಟ್ಟಿದರು. ‘ರಾಯರೇ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆಯೆ? ರುಬ್ಬಿದ ಕೂಡಲೆ ಫ್ರಿಜ್ಜಿಗಿಡಿ. ಇಲ್ಲವೆ, ಅಂಗಡಿಯಲ್ಲಿ ಪ್ಯಾಕೆಟ್ಟು ಸಿಗುತ್ತದೆ, ತನ್ನಿ. ಕಾಲಕ್ಕೆ ತಕ್ಕಂತೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕು.’

ಈ ಮಾತು ನಮ್ಮ ಊರಿನ ನಾಡಗೀತೆ. ಬಸ್ಸಿನಲ್ಲಿ ಇಬ್ಬರು ಕೂರುವ ಜಾಗದಲ್ಲಿ ಮೂವರು ಕೂರುವುದಕ್ಕೂ ಇದೇ, ಮದುವೆ ಛತ್ರದಲ್ಲಿ ಎಲೆ ಸಾಲದೆ ಬಂದಾಗಲೂ ಇದೇ. ಅಲ್ಲಿ ಅದು ಒಳ್ಳೆಯ ಮಾತು. ಮೂರನೆಯವನಿಗೆ ಜಾಗವಾಗುತ್ತದೆ, ನಮಗೆ ಸ್ವಲ್ಪ ಇಕ್ಕಟ್ಟಾಗುತ್ತದೆ, ಅಷ್ಟೆ. ಆದರೆ ಈಚೆಗೆ ಈ ಮಾತು ಬಸ್ಸಿನಿಂದಿಳಿದು ವೇದಿಕೆ ಹತ್ತಿದೆ. ಭೂಮಿ ಬಿಸಿಯಾಯಿತೆ? ಹೊಂದಿಕೊಳ್ಳಿ. ಕೆರೆ ಬತ್ತಿತೆ? ಹೊಂದಿಕೊಳ್ಳಿ. ದೊಡ್ಡ ದೊಡ್ಡ ವರದಿಗಳಲ್ಲಿ ಇದಕ್ಕೆ ಗಂಭೀರವಾದ ಹೆಸರುಗಳಿವೆ. ನನ್ನ ತಕರಾರು ಈ ಮಾತಿನ ಮೇಲೆ. ಬಸ್ಸಿನಲ್ಲಿ ಯಾರು ಸರಿದು ಕೂತರು ಎಂಬುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ನಾವು ಸರಿದು ಕೂತೆವೆಂದುಕೊಂಡಾಗ ನಿಜವಾಗಿ ಎದ್ದು ನಿಂತವರು ಯಾರು?

ಇದೇ ಮಾತನ್ನು ನಾನು ಮೂರು ವರ್ಷ ಮುಂಚೆ ಬೇರೆ ದಿಕ್ಕಿನಿಂದ ಕೇಳಿದ್ದೆ. ನನ್ನ ತಂಗಿಯ ಮಗ ಅಮೆರಿಕದ ಆರೆಗನ್ ಸಂಸ್ಥಾನದ ಪೋರ್ಟ್‌ಲ್ಯಾಂಡ್ ಪಟ್ಟಣದಲ್ಲಿದ್ದಾನೆ. ಅವನ ಹವ್ಯಾಸ ಮನೆಯಲ್ಲಿ ಬಿಯರು ಕಾಯಿಸುವುದು. ಮಡಿವಂತ ವಾಚಕರು ಕ್ಷಮಿಸಬೇಕು. ನಾನು ಅದನ್ನು ಮುಟ್ಟಿದವನಲ್ಲ. ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಹಾಗೆ ಮಾಡಿದರೆ ಅಬಕಾರಿಯವರು ಬಾಗಿಲು ತಟ್ಟುತ್ತಾರೆ. ಅಲ್ಲಿ ೧೯೭೮ರಲ್ಲಿ ಶಾಸನವಾಗಿ, ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ ೨೦೦ ಗ್ಯಾಲನ್ನಿನವರೆಗೆ ಸ್ವಂತಕ್ಕೆ ಮಾಡಿಕೊಳ್ಳಬಹುದು. ಅವನ ಕಾಗದಗಳನ್ನು ಓದಿದರೆ ನನಗೆ ನನ್ನ ನೋಟ್‌ಬುಕ್ಕನ್ನೇ ಓದಿದಂತಾಗುತ್ತದೆ. ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂವು, ಯೀಸ್ಟು, ನೀರು. ಮಿಕ್ಕದ್ದೆಲ್ಲ ಉಷ್ಣತೆಯ ಲೆಕ್ಕ. ಅವನ ಯೀಸ್ಟಿಗೆ ೧೮-೨೦ ಡಿಗ್ರಿ ಬೇಕು. ಇಪ್ಪತ್ತೈದು ದಾಟಿತೋ, ಅದು ಗಾಬರಿಬಿದ್ದು ಬೇಡದ ಮದ್ಯಸಾರಗಳನ್ನೆಲ್ಲ ಹುಟ್ಟಿಸಿ, ಬಿಯರಿಗೆ ಉಗುರುಬಣ್ಣದ ವಾಸನೆ ಬರುತ್ತದಂತೆ. ‘ಮಾವ, ನಿಮ್ಮ ಹುಳಿ ಹಿಟ್ಟು, ನನ್ನ ಉಗುರುಬಣ್ಣ, ಎರಡೂ ಒಂದೇ ರೋಗ’ ಎಂದು ಬರೆದಿದ್ದ.

೨೦೨೧ರ ಜೂನ್ ೨೮ರಂದು ಆ ಪಟ್ಟಣದಲ್ಲಿ ೧೧೬ ಡಿಗ್ರಿ ಫ್ಯಾರನ್‌ಹೀಟ್ ಆಯಿತು; ನಮ್ಮ ಲೆಕ್ಕದಲ್ಲಿ ೪೬ ಡಿಗ್ರಿಯ ಮೇಲೆ. ಅದಕ್ಕೆ ಹಿಂದಿನ ದಾಖಲೆ ೧೦೭. ದಾಖಲೆ ಮುರಿಯುವಾಗ ಒಂದು ಡಿಗ್ರಿ, ಅರ್ಧ ಡಿಗ್ರಿ ಮುರಿಯುವುದು ವಾಡಿಕೆ. ಒಂಬತ್ತು ಡಿಗ್ರಿ ಮುರಿಯುವುದೆಂದರೆ ನಮ್ಮ ರಾಯಚೂರಿನವರೂ ಮೂಗಿನ ಮೇಲೆ ಬೆರಳಿಡಬೇಕಾದ ಸಂಗತಿ. ಟ್ರಾಮಿನ ವಿದ್ಯುತ್ ಕೇಬಲು ಕರಗಿತು. ನನ್ನ ಸೋದರಳಿಯನ ಗ್ಯಾರೇಜಿನಲ್ಲಿದ್ದ ಇಪ್ಪತ್ತು ಲೀಟರು ಬಿಯರು ಮೋರಿ ಸೇರಿತು. ಆಮೇಲೆ ಅವನು ಹಳೆಯ ಫ್ರಿಜ್ಜೊಂದನ್ನು ಕೊಂಡು, ಅದಕ್ಕೊಂದು ಉಷ್ಣ ನಿಯಂತ್ರಕ ಜೋಡಿಸಿ, ಅದರೊಳಗೆ ಬಿಯರನ್ನಿಟ್ಟು, ‘ಅಡ್ಜಸ್ಟ್ ಮಾಡಿಕೊಂಡೆ, ಮಾವ’ ಎಂದು ಬರೆದ. ನನಗೆ ಆಗ ಸಂತೋಷವೇ ಆಯಿತು. ಹುಡುಗ ಜಾಣ ಎಂದುಕೊಂಡೆ.

ಅದೇ ಸೆಕೆಯಲ್ಲಿ ಆ ಪಟ್ಟಣವಿರುವ ಮಲ್ಟ್‌ನೋಮಾ ಎಂಬ ಒಂದೇ ಜಿಲ್ಲೆಯಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ಅಧಿಕಾರಿಗಳೇ ಬರೆದಿಟ್ಟಂತೆ ಅವರಲ್ಲಿ ಹೆಚ್ಚಿನವರು ಒಂಟಿಯಾಗಿ ಬಾಳುತ್ತಿದ್ದ ವಯಸ್ಸಾದವರು; ಬಹುಪಾಲು ಮಂದಿಯ ಮನೆಯಲ್ಲಿ ಏಸಿ ಇರಲಿಲ್ಲ. ಇದನ್ನು ನಾನು ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಸೋದರಳಿಯನ ಕಾಗದದಲ್ಲಿ ಇದಿರಲಿಲ್ಲ. ಅವನು ಕೆಟ್ಟವನೆಂದಲ್ಲ. ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಸೆಕೆ ಅವನ ನೋಟ್‌ಬುಕ್ಕಿನಿಂದ ಹೊರಟುಹೋಗಿತ್ತು, ಅಷ್ಟೆ.

ನನ್ನ ಮೊದಲನೆಯ ಆಕ್ಷೇಪಣೆ ಇದೇ. ಹವ್ಯಾಸವಿರುವ ಮನುಷ್ಯ ಒಬ್ಬ ಸಾಕ್ಷಿ. ಸಂಬಳಕ್ಕಾಗಿ ಅಲ್ಲದೆ ಪ್ರೀತಿಗಾಗಿ ಒಂದು ವಸ್ತುವನ್ನು ದಿನವೂ ನೋಡುವವನಿಗೆ ಅದರಲ್ಲಾಗುವ ಬದಲಾವಣೆ ಕಚೇರಿಯ ಕಡತಕ್ಕಿಂತ ಮೊದಲೇ ತಿಳಿಯುತ್ತದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ಪಟ್ಟಣದಲ್ಲಿ ಕಾಂತಿಯೋನ್ ಎಂಬ ಹಳೆಯ ಮನೆತನದ ಬಿಯರು ಮನೆಯೊಂದಿದೆ. ಅವರು ಯೀಸ್ಟನ್ನು ಹಾಕುವುದೇ ಇಲ್ಲ. ಕುದಿಸಿದ ರಸವನ್ನು ಅಟ್ಟದ ಮೇಲೆ ಅಗಲವಾದ ತಾಮ್ರದ ತೊಟ್ಟಿಯಲ್ಲಿ ಒಂದು ರಾತ್ರಿ ತೆರೆದಿಡುತ್ತಾರೆ. ಗಾಳಿಯಲ್ಲಿರುವ ಜೀವಿಗಳೇ ಬಂದು ಇಳಿಯುತ್ತವೆ. ಆದರೆ ರಾತ್ರಿ ಚಳಿಯಿರಬೇಕು, ಎಂಟು ಡಿಗ್ರಿಯೊಳಗೆ. ಇಲ್ಲವಾದರೆ ಬೇಡದ ಅತಿಥಿಗಳು ಬರುತ್ತಾರೆ. ೨೦೧೫ರ ನವೆಂಬರಿನಲ್ಲಿ ರಾತ್ರಿಗಳು ತಣ್ಣಗಾಗಲೇ ಇಲ್ಲವೆಂದು ಅವರು ಕೆಲಸವನ್ನೇ ನಿಲ್ಲಿಸಬೇಕಾಯಿತು. ಅಜ್ಜನ ಕಾಲಕ್ಕಿಂತ ಕಾಯಿಸುವ ಋತು ಮೊಟಕಾಯಿತೆಂದು ಆ ಮನೆಯವರು ಬಹಳ ದಿನದಿಂದ ಹೇಳುತ್ತಿದ್ದಾರೆ. ಹಾಪ್ಸ್ ಬೆಳೆಯುವ ಜರ್ಮನಿ, ಚೆಕ್, ಸ್ಲೊವೇನಿಯಾ ನಾಡುಗಳ ತೋಟಗಳನ್ನು ಲೆಕ್ಕಹಾಕಿ ವಿಜ್ಞಾನಿಗಳು ೨೦೨೩ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ೨೦೫೦ರ ಹೊತ್ತಿಗೆ ಫಸಲು ನೂರಕ್ಕೆ ೪ರಿಂದ ೧೮ರಷ್ಟು ಇಳಿಯಬಹುದು; ಬಿಯರಿಗೆ ಕಹಿ ಕೊಡುವ ಸಾರ ನೂರಕ್ಕೆ ೨೦ರಿಂದ ೩೧ರಷ್ಟು. ಇದು ಪಂಡಿತರ ಪತ್ರಿಕೆಗೆ ಬರುವುದಕ್ಕೆ ಎಷ್ಟೋ ಮುಂಚೆ ಆ ಅಟ್ಟದ ಮೇಲಿನವರಿಗೆ ಗೊತ್ತಿತ್ತು. ಸಾಕ್ಷಿಯ ಬಾಯಿಗೆ ಬಟ್ಟೆ ತುರುಕುವ ಅತ್ಯಂತ ಸಭ್ಯವಾದ ಉಪಾಯವೆಂದರೆ ಅವನಿಗೊಂದು ಫ್ರಿಜ್ಜನ್ನು ಮಾರುವುದು.

ಈಗ ಇನ್ನೊಂದು ಪಕ್ಷದವರ ಸರದಿ. ಅವರನ್ನು ಬಿಟ್ಟರೆ ಅನ್ಯಾಯವಾದೀತು. ಈಚೆಗೆ ಒಂದು ಸಭೆಯಲ್ಲಿ ಒಬ್ಬ ತರುಣ ಭಾಷಣಕಾರರು, ಓದಿದವರು, ಉತ್ಸಾಹಿಗಳು, ನಾವು ಮನೆಯಲ್ಲಿ ಮಾಡುವ ಪ್ರತಿಯೊಂದು ಕೆಲಸಕ್ಕೂ ಇಂಗಾಲದ ಲೆಕ್ಕ ಬರೆಯಬೇಕೆಂದರು. ತಾರಸಿಯ ತೋಟ, ಕಾಫಿ ಹುರಿಯುವುದು, ಹಿಟ್ಟು ರುಬ್ಬುವುದು, ಒಂದನ್ನೂ ಬಿಡಲಿಲ್ಲ. ಪಾಪಪ್ರಜ್ಞೆಯಿಂದ ನನ್ನ ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ತಲೆ ತಗ್ಗಿಸಿದರು. ನನಗೆ ಕೋಪ ಬಂತು. ಮನೆಗೆ ಬಂದು ಅವರು ಹೇಳಿದ ಲೆಕ್ಕವನ್ನೇ ಹಾಕಿದೆ. ನನ್ನ ಗ್ರೈಂಡರು ೧೫೦ ವ್ಯಾಟಿನದು. ನಲವತ್ತು ನಿಮಿಷ ತಿರುಗಿದರೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು. ವಾರಕ್ಕೆರಡು ಸಲ, ವರ್ಷಕ್ಕೆ ಸುಮಾರು ಹತ್ತು ಯೂನಿಟ್ಟು. ಒಂದೂವರೆ ಟನ್ನಿನ ಏಸಿಯೊಂದು ಕಡುಬೇಸಗೆಯ ಒಂದೇ ರಾತ್ರಿಯಲ್ಲಿ ಹೆಚ್ಚುಕಡಿಮೆ ಅಷ್ಟನ್ನೇ ನುಂಗುತ್ತದೆ. ನಾನು ವರ್ಷವಿಡೀ ರುಬ್ಬಿದ ಪಾಪ ಒಂದು ರಾತ್ರಿಯ ನಿದ್ದೆಗೆ ಸಮ. ಆ ಸಭಾಂಗಣದಲ್ಲಿ ಅಂದು ಆರು ಏಸಿಗಳು ಓಡುತ್ತಿದ್ದವು, ಎಣಿಸಿಯೇ ಎದ್ದುಬಂದೆ.

ಇಂಥ ಉಪದೇಶಕರಿಂದ ಆಗುವ ಹಾನಿ ದೊಡ್ಡದು. ಸಣ್ಣ ಸಂತೋಷಗಳನ್ನು ಅಪರಾಧಗಳೆಂದು ಕರೆದರೆ, ದೊಡ್ಡ ಅಪರಾಧಗಳು ಆ ಗುಂಪಿನಲ್ಲಿ ನುಸುಳಿ ತಪ್ಪಿಸಿಕೊಳ್ಳುತ್ತವೆ. ೨೦೨೪ರ ಮಾರ್ಚಿಯಲ್ಲಿ ನಗರದಲ್ಲಿ ನೀರಿನ ಹಾಹಾಕಾರವೆದ್ದಾಗ, ೧೩,೯೦೦ ಸರ್ಕಾರಿ ಕೊಳವೆಬಾವಿಗಳಲ್ಲಿ ೬,೯೦೦ ಬತ್ತಿವೆಯೆಂದು ಸರ್ಕಾರದವರೇ ಹೇಳಿದರು. ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಬಳಸಿದರೆ ೫,೦೦೦ ರೂಪಾಯಿ ದಂಡವೆಂದು ಆಜ್ಞೆಯಾಯಿತು. ಸರಿಯಾದ ಆಜ್ಞೆಯೇ. ನೂರು ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರು ಎತ್ತರಕ್ಕೆ, ಮೂರು ಕಡೆ ಪಂಪು ಹಾಕಿ ತಳ್ಳಿದ ಕಾವೇರಿ ಅದು. ಅದರಲ್ಲಿ ಕಾರು ತೊಳೆಯುವುದು ಮಹಾಪಾಪವೇ. ನಮ್ಮ ಬೀದಿಯ ಗುಲಾಬಿಯವರು ಅಕ್ಕಿ ತೊಳೆದ ನೀರನ್ನು ಹಿಡಿದಿಟ್ಟು ಗಿಡಗಳನ್ನು ಬದುಕಿಸಿಕೊಂಡರು. ಆದರೆ ಆ ಬಾವಿಗಳು ಬತ್ತಿದ್ದು ಗುಲಾಬಿಯಿಂದಲ್ಲ. ಕೆರೆಗಳನ್ನು ಮುಚ್ಚಿ, ಮಣ್ಣಿಗೆಲ್ಲ ಕಾಂಕ್ರೀಟು ಹೊದಿಸಿ, ಮಳೆ ಬಂದ ವರ್ಷವೂ ಒಂದು ಹನಿ ಒಳಗಿಳಿಯದಂತೆ ಮಾಡಿದವರಿಗೆ ಯಾವ ದಂಡದ ರಸೀತಿಯೂ ಹೋಗಲಿಲ್ಲ. ೧೯೭೩ರಿಂದೀಚೆಗೆ ಈ ಊರಿನ ಹಸಿರು ಹೇಗೆ ಕರಗಿತು, ಕಟ್ಟಡ ಹೇಗೆ ಹಬ್ಬಿತು ಎಂಬುದನ್ನು ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಉಪಗ್ರಹದ ಚಿತ್ರಗಳಿಂದ ತೋರಿಸಿಕೊಟ್ಟಿದ್ದಾರೆ. ನೋಡಿದವರು ತಲೆಯಾಡಿಸಿದರು.

ನನ್ನ ಎಂಜಿನಿಯರ್ ಮಿತ್ರರ ಕಡೆಗೆ ಹಿಂತಿರುಗುತ್ತೇನೆ, ಏಕೆಂದರೆ ಉಪದೇಶಕರಿಗಿಂತ ಅವರ ಪಕ್ಷ ದೊಡ್ಡದು, ಮತ್ತು ಆ ಪಕ್ಷದಲ್ಲಿ ನಾನೂ ಒಬ್ಬ. ಹೌದು. ೨೦೨೪ರ ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ಮನೆಗೆ ಏಸಿ ಬಂತು. ನನ್ನ ಹೆಂಡತಿಗೆ ಮೂರು ರಾತ್ರಿ ನಿದ್ದೆಯಿರಲಿಲ್ಲ, ಡಾಕ್ಟರು ಹೇಳಿದರು, ಮಗ ದುಡ್ಡು ಕಳಿಸಿದ. ಸಿದ್ಧಾಂತವೆಲ್ಲ ಹಗಲಿಗೆ. ಯಂತ್ರ ಜೋಡಿಸುವವರು ಬಂದು ಅರ್ಧ ದಿನದಲ್ಲಿ ಕೆಲಸ ಮುಗಿಸಿದರು. ಒಳಗಿನ ಪೆಟ್ಟಿಗೆ ನಮ್ಮ ಮಂಚದ ಮೇಲ್ಗಡೆ. ಹೊರಗಿನ ಪೆಟ್ಟಿಗೆ ಹಿಂದಿನ ಗೋಡೆಗೆ.

ಈ ಯಂತ್ರದ ಸ್ವಭಾವವನ್ನು ಒಂದು ಮಾತಿನಲ್ಲಿ ಹೇಳಬಹುದು: ಇದು ಬಿಸಿಯನ್ನು ಕೊಲ್ಲುವುದಿಲ್ಲ, ಸಾಗಿಸುತ್ತದೆ. ಕೋಣೆಯೊಳಗಿನ ಬಿಸಿಯನ್ನೆಲ್ಲ ಹೊತ್ತು ಹೊರಗೆ ಹಾಕುತ್ತದೆ, ಹೊತ್ತ ಕೂಲಿಗೆಂದು ತಾನು ತಿಂದ ವಿದ್ಯುತ್ತಿನ ಬಿಸಿಯನ್ನೂ ಅದಕ್ಕೆ ಸೇರಿಸುತ್ತದೆ. ಎಂದರೆ ನಾವು ಪಡೆದ ತಂಪಿಗಿಂತ ಬೀದಿಗೆ ಕೊಟ್ಟ ಬಿಸಿ ಯಾವಾಗಲೂ ಹೆಚ್ಚು. ಮತ್ತೆ ಆ ವಿದ್ಯುತ್ತು ಎಲ್ಲಿಂದ ಬಂತು? ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಇವತ್ತಿಗೂ ಕಲ್ಲಿದ್ದಲಿನದೇ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲನ್ನು ಸುಡುವ ಹಳೆಯ ಸ್ಥಾವರ ಕೃಷ್ಣಾ ತೀರದ ಶಕ್ತಿನಗರದಲ್ಲಿದೆ, ರಾಯಚೂರು ಜಿಲ್ಲೆಯಲ್ಲಿ. ಬೇಸಗೆಯಲ್ಲಿ ೪೦ ಡಿಗ್ರಿ ದಾಟುವುದು ಸುದ್ದಿಯೇ ಅಲ್ಲದ ಸೀಮೆ ಅದು. ಬೆಂಗಳೂರಿನ ತಂಪಿಗೆ ರಾಯಚೂರಿನಲ್ಲಿ ಒಲೆ ಹಚ್ಚುವುದನ್ನು ಹೊಂದಾಣಿಕೆ ಎಂದು ಕರೆಯಬೇಕಾದರೆ ಕನ್ನಡ ಭಾಷೆ ಬಹಳ ಹೊಂದಿಕೊಳ್ಳಬೇಕಾಗುತ್ತದೆ.

ಆದರೆ ನಾನು ಹೇಳಬೇಕಾದದ್ದು ರಾಯಚೂರಿನದಲ್ಲ, ನಮ್ಮ ಹಿತ್ತಲಿನದು. ಹಿಂದಿನ ಗೋಡೆಗೆ ಆರು ಅಡಿ ದೂರದಲ್ಲಿ ಕಲ್ನಾರು ಶೀಟಿನ ಒಂದು ಮನೆಯಿದೆ, ಒಂದೇ ಕೋಣೆ. ಅದರಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆಯುವ ಒಬ್ಬಾಕೆ, ಆಕೆಯ ಅತ್ತೆ, ಇಬ್ಬರು ಮಕ್ಕಳು. ಅವರು ನಮ್ಮ ಬಾಡಿಗೆದಾರರು. ಆ ಶೀಟು ಹಗಲೆಲ್ಲ ಕಾದು ರಾತ್ರಿ ಹನ್ನೊಂದರವರೆಗೂ ಬಿಸಿಯುಗುಳುತ್ತದೆಯೆಂದು ನನಗೆ ಗೊತ್ತಿತ್ತು; ಬಾಡಿಗೆ ಇಸಿದುಕೊಳ್ಳುವಾಗ ನೆನಪಿರುತ್ತಿರಲಿಲ್ಲ. ಏಸಿ ಬಂದು ಹತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ, ಅವರ ಹಗ್ಗದ ಮಂಚ ಮನೆಯ ಹೊರಗೆ, ಬಚ್ಚಲ ಮೋರಿಯ ಪಕ್ಕದಲ್ಲಿತ್ತು. ಅದರ ಮೇಲೆ ಮುದುಕಿ ಮಲಗಿದ್ದಳು.

‘ಇದೇನಮ್ಮ, ಇಲ್ಲಿ ಹಾಕಿದ್ದೀರಿ? ಸೊಳ್ಳೆ ಕಚ್ಚುವುದಿಲ್ಲವೆ?’ ಎಂದೆ.

ಆಕೆ ಕೈಯಲ್ಲಿದ್ದ ಬಿಂದಿಗೆಯನ್ನು ಕೆಳಗಿಟ್ಟು ಹೇಳಿದಳು: ‘ಕಿಟಕಿ ತೆಗೆದ್ರೆ ನಿಮ್ಮ ಮಿಷನ್ನಿನ ಗಾಳಿ ಒಳಕ್ಕೇ ಬರ್ತದೆ, ಸಾ. ಬಿಸಿ ಗಾಳಿ. ಕಿಟಕಿ ಮುಚ್ಚಿದ್ರೆ ಅತ್ತೆಗೆ ಉಸಿರು ಕಟ್ತದೆ. ಅದಕ್ಕೆ ಮಂಚ ಈಚೆ ಹಾಕ್ಕೊಂಡ್ವಿ. ಏನಿಲ್ಲ, ಅಡ್ಜಸ್ಟ್ ಮಾಡ್ಕೊಂಡಿದೀವಿ.’

ಆಕೆಯ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಮಿತ್ರರು, ನನ್ನ ಸೋದರಳಿಯ, ನಾನು, ಎಲ್ಲರೂ ಆಡಿದ ಮಾತನ್ನೇ ಆಕೆಯೂ ಆಡಿದಳು. ವ್ಯತ್ಯಾಸವಿಷ್ಟೆ: ನಾವು ಮೂವರೂ ದುಡ್ಡು ಕೊಟ್ಟು ಒಂದು ಪೆಟ್ಟಿಗೆ ತಂದು ಹೊಂದಿಕೊಂಡೆವು, ಆಕೆ ಮುದುಕಿಯನ್ನು ಮೋರಿಯ ಪಕ್ಕ ಮಲಗಿಸಿ ಹೊಂದಿಕೊಂಡಳು. ನಾವು ಹೊಂದಿಕೊಂಡದ್ದರಿಂದಲೇ ಆಕೆ ಹೊಂದಿಕೊಳ್ಳಬೇಕಾಯಿತು. ಪೋರ್ಟ್‌ಲ್ಯಾಂಡಿನ ಆ ಒಂಟಿ ವೃದ್ಧರೂ ಪಾಪ ಮೊದಲ ದಿನ, ಎರಡನೆಯ ದಿನ ಹೊಂದಿಕೊಂಡೇ ಇದ್ದಿರಬೇಕು.

ಇಲ್ಲಿ ಯಾರಾದರೂ ಎದ್ದು ನಿಂತು, ‘ಹಾಗಾದರೆ ಏಸಿಯಿದ್ದಿದ್ದರೆ ಅವರು ಬದುಕುತ್ತಿದ್ದರಲ್ಲವೆ? ನಿಮ್ಮ ವಾದ ಎತ್ತ ಸಾಗಿತು?’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬದುಕುತ್ತಿದ್ದರು. ಕಾಯಿಲೆಯವರಿಗೆ, ಮುದುಕರಿಗೆ, ಹಸುಗೂಸಿಗೆ ತಂಪು ಔಷಧ. ಔಷಧವನ್ನು ನಾನು ಬೈಯುವುದಿಲ್ಲ, ನನ್ನ ಹೆಂಡತಿಗೆ ತಂದದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಆದರೆ ಔಷಧ ಬೇಕಾದವನಿಗೆ ಸಿಗದೆ, ದುಡ್ಡಿದ್ದವನಿಗೆ ಸಿಗುವುದಾದರೆ, ಮತ್ತು ಒಬ್ಬನು ಕುಡಿದ ಔಷಧದಿಂದ ಪಕ್ಕದವನ ಕಾಯಿಲೆ ಹೆಚ್ಚುವುದಾದರೆ, ಅದನ್ನು ಅಂಗಡಿಯವನ ಕೈಗೆ ಬಿಟ್ಟು ಊರು ಸುಮ್ಮನಿರಬಾರದು. ಊರು ಮಾಡಬಹುದಾದ ಕೆಲಸಗಳಿವೆ. ೨೦೧೦ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ ೧,೩೪೪ ಮಂದಿ ಹೆಚ್ಚಾಗಿ ಸತ್ತರು. ೨೦೧೩ರಲ್ಲಿ ಆ ನಗರ ದಕ್ಷಿಣ ಏಷ್ಯಕ್ಕೇ ಮೊದಲನೆಯದಾದ ಒಂದು ಬಿಸಿಲ ಯೋಜನೆ ಹಾಕಿಕೊಂಡಿತು: ಮುನ್ಸೂಚನೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರು, ಮುಂದೆ ಬಡವರ ಮನೆಯ ಸೂರಿಗೆ ಬಿಳಿಯ ಬಣ್ಣ. ಬಿಳಿಯ ಸೂರಿಗೆ ಖರ್ಚೆಷ್ಟು? ನಮ್ಮ ಆಗಿನ ಮಹಾನಗರ ಪಾಲಿಕೆಯೂ ೨೦೨೩ರ ನವೆಂಬರಿನಲ್ಲಿ ಹವಾಮಾನದ ಒಂದು ದೊಡ್ಡ ಯೋಜನೆಯನ್ನು ಅಚ್ಚುಹಾಕಿಸಿತು. ಅಚ್ಚು ಚೆನ್ನಾಗಿದೆ.

ಹೊಂದಿಕೊಳ್ಳುವುದನ್ನೆಲ್ಲ ನಾನು ಹಳಿಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ತನ್ನ ಭಾರವನ್ನು ತಾನೇ ಹೊರುವ ಹೊಂದಾಣಿಕೆಯೂ ಉಂಟು. ನಾರ್ವೆ ದೇಶದ ಪಶ್ಚಿಮದ ಹಳ್ಳಿಗಳಲ್ಲಿ ರೈತರ ಮನೆಗಳವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಒಂದು ಯೀಸ್ಟು ಇದೆ, ಕ್ವೈಕ್ ಎಂದು ಹೆಸರು. ಮರದ ಬಳೆಗಳ ಮೇಲೆ ಒಣಗಿಸಿ, ನೆರೆಹೊರೆಯವರು ಒಬ್ಬರಿಂದೊಬ್ಬರು ಕೇಳಿ ಪಡೆದು, ನಾವು ಹೆಪ್ಪಿಗೆ ಮೊಸರು ಕೇಳುವಂತೆಯೇ, ಉಳಿಸಿಕೊಂಡದ್ದು. ಅದು ೩೫-೪೦ ಡಿಗ್ರಿಯಲ್ಲಿಯೂ ಕೆಟ್ಟ ವಾಸನೆ ಹುಟ್ಟಿಸದೆ ಕೆಲಸ ಮಾಡುತ್ತದೆ. ಈಗ ನನ್ನ ಸೋದರಳಿಯ ಬೇಸಗೆಯಲ್ಲಿ ಅದನ್ನೇ ಹಾಕುತ್ತಾನೆ. ಹಳೆಯ ಫ್ರಿಜ್ಜನ್ನು ಮಾರಿದನಂತೆ. ಇಂಥ ಹೊಂದಾಣಿಕೆಗೆ ನನ್ನ ನಮಸ್ಕಾರ. ನಮ್ಮ ಅಜ್ಜಿ ಬೇಸಗೆಯಲ್ಲಿ ಹಿಟ್ಟನ್ನು ಸಂಜೆಗೆ ಬದಲು ಮಲಗುವ ಮುಂಚೆ ರುಬ್ಬಿಸಿ, ಪಾತ್ರೆಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸುತ್ತಿದ್ದರು. ನಾನೂ ಈಗ ಹಾಗೆಯೇ ಮಾಡುತ್ತೇನೆ. ಒದ್ದೆ ಬಟ್ಟೆಯಿಂದ ಹಿತ್ತಲಿನ ಮುದುಕಿಗೆ ಸೆಕೆಯಾಗುವುದಿಲ್ಲ.

ಆದರೆ ಒದ್ದೆ ಬಟ್ಟೆಯಿಂದ ಊರಿನ ಬಿಸಿಯೂ ಇಳಿಯುವುದಿಲ್ಲವಷ್ಟೆ. ಅದಕ್ಕೆ ಬೇರೊಂದು ಶಬ್ದ ಬೇಕು. ಆ ಶಬ್ದ ಈ ಊರಿಗೆ ಗೊತ್ತಿಲ್ಲದ್ದೇನಲ್ಲ. ೨೦೧೬ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆಯೊಂದನ್ನು ಕಟ್ಟಲು ೮೧೨ ಮರ ಕಡಿಯುತ್ತಾರೆಂದು ಗೊತ್ತಾದಾಗ, ಅಕ್ಟೋಬರ್ ೧೬ರ ಭಾನುವಾರ ಬೆಳಿಗ್ಗೆ ಸಾವಿರಾರು ಜನ ಬಂದು ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಅವರಲ್ಲಿ ನಮ್ಮಂಥವರೇ ಹೆಚ್ಚು: ಪಿಂಚಣಿದಾರರು, ಗೃಹಿಣಿಯರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು. ಅವರು ಹಿಡಿದದ್ದು ಒಂದೇ ಶಬ್ದ: ‘ಬೇಡ’. ಯೋಜನೆಗೆ ಅಂದಾಜು ೧,೭೯೧ ಕೋಟಿ ರೂಪಾಯಿಯ ಬಲವಿತ್ತು. ೨೦೧೭ರ ಮಾರ್ಚಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ನನ್ನ ಎಂಜಿನಿಯರ್ ಮಿತ್ರರು ಅಂದು ಬಂದಿರಲಿಲ್ಲ. ನಾನೂ ಹೋಗಿರಲಿಲ್ಲ, ಭಾನುವಾರವಾದ್ದರಿಂದ ಮನೆಯಲ್ಲಿ ದೋಸೆಯಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸಾಕ್ಷಿ ಹೇಳುವವನು ಪೂರ್ತಿ ಹೇಳಬೇಕು.

ಏಸಿಯ ಹೊರಗಿನ ಪೆಟ್ಟಿಗೆಯನ್ನು ತಾರಸಿಗೆ ಎತ್ತಿಸಿದ್ದೇನೆ. ಕೊಳವೆಯ ಉದ್ದ ಹೆಚ್ಚಾದರೆ ಯಂತ್ರದ ಶಕ್ತಿ ಕುಂದುತ್ತದೆಂದು ಜೋಡಿಸುವವರು ಗೊಣಗಿದರು, ಕುಂದಲಿ ಎಂದೆ. ಶೀಟಿನ ಮೇಲೆ ಎರಡು ಸಲ ಬಿಳಿಯ ಬಣ್ಣ ಬಳಿಸಿದ್ದಾಯಿತು. ಮುದುಕಿಯ ಮಂಚ ಒಳಗೆ ಹೋಗಿದೆ, ಮಾರ್ಚಿ ಮುಗಿಯುವವರೆಗೆ. ಏಪ್ರಿಲಿನಲ್ಲಿ ಮತ್ತೆ ಹೊರಗೆ ಬರುತ್ತದೆಂದು ಆಕೆಯೇ ಹೇಳಿದ್ದಾಳೆ. ಬೆಂದ ಬೀದಿಗೆ ಒಂದು ಶೀಟಿನ ಸುಣ್ಣ ಎಷ್ಟು ಮಾಡೀತು?

ಈಗ ನಮ್ಮ ಬೀದಿಯ ಕೊನೆಯಲ್ಲಿ ನಾಲ್ಕು ಹೊಂಗೆಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದಾರೆ. ರಸ್ತೆಗೆ ಕಾಂಕ್ರೀಟು ಹಾಕುವುದಕ್ಕೆ ಅವು ಅಡ್ಡವಂತೆ. ಸಂಬಂಧಪಟ್ಟ ಕಚೇರಿಗೆ ಹೋಗಿದ್ದೆ. ಮೇಜಿನ ಹಿಂದಿದ್ದವರು ಬಹಳ ಮರ್ಯಾದೆಯಿಂದ ಕೂರಿಸಿ, ಅಭಿವೃದ್ಧಿಯಾಗಬೇಕಾದರೆ ಸಾರ್ವಜನಿಕರೂ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕಾಗುತ್ತದೆ ಎಂದರು. ಮನೆಗೆ ಬಂದು ಒಂದು ಅರ್ಜಿ ಬರೆದೆ. ಅದರ ಜೊತೆಗೆ ನನ್ನ ಹಿಟ್ಟಿನ ಪುಸ್ತಕದಿಂದ ಹನ್ನೆರಡು ಬೇಸಗೆಗಳ ಅಂಕಿಗಳನ್ನು ನಕಲುಮಾಡಿ ಲಗತ್ತಿಸಿದ್ದೇನೆ, ನಗುವುದಾದರೆ ನಗಲಿ. ಹಿತ್ತಲಿನಾಕೆ ಮೊದಲನೆಯ ಸಹಿ ಹಾಕಿದ್ದಾಳೆ, ನನ್ನ ಹೆಂಡತಿ ಎರಡನೆಯದು, ಗುಲಾಬಿಯವರು ಮೂರನೆಯದು. ನಿನ್ನೆ ಸಂಜೆಗೆ ಹತ್ತೊಂಬತ್ತಾದವು. ಎಂಜಿನಿಯರ್ ಮಿತ್ರರು ಅರ್ಜಿಯನ್ನು ಓದಿ ನೋಡುತ್ತೇನೆಂದು ತೆಗೆದುಕೊಂಡು ಹೋಗಿದ್ದಾರೆ. ಇಂದು ಬೆಳಿಗ್ಗೆ ವಾಯುವಿಹಾರಕ್ಕೆ ಬರಲಿಲ್ಲ.